ಬುಟ್ಟಿ ಎತ್ತಿಕೊಡುವ ಕೆಲಸ

"ಬುಟ್ಟಿ ಹೊತ್ತು ಬದುಕೂದು ನಿನ್ನ ಕೈಲಿ ಆಗೂದಿಲ್ಲ" ಎಂದಿದ್ದ ಭಾವ. ಆ ಹಟಕ್ಕೇ ಕಾಸರಕೋಡಿನಿಂದ ದೋಣಿಯಲ್ಲಿ ಹೊಳೆ ದಾಟಿ ಹೊನ್ನಾವರದಲ್ಲಿ ಒಣಮೀನು ಮಾರಿದೆ. ಇಳಿಸಿದ ಬುಟ್ಟಿ ಮತ್ತೆ ತಲೆಗೇರಿಸಲು ಮಾತ್ರ ಇನ್ನೊಬ್ಬರು ಬೇಕಿತ್ತು. ಒಂದು ಮನೆಯ ಜಗಲಿಯಲ್ಲಿ ಕೂತಿದ್ದ, ವರ್ಷಗಳಿಂದ ಉಬ್ಬಸ ಹಿಡಿದ ಸುಬ್ಬಿಯಕ್ಕನನ್ನೇ ಕರೆದೆ.

"ಅತ್ತೆಗೆ ಎಂತಕ್ಕೆ ಹೇಳ್ತೆ? ಅವರಿಗೆ ಆಗೂದಿಲ್ಲ" ಎಂದಳು ಸೊಸೆ.

"ನೀ ಸುಮ್ನಿರು. ನಂಗೂ ಒಂದು ಕೆಲಸ ಹೇಳಿದವಳು ಇವಳೊಬ್ಬಳೇ" ಎಂದು ಸುಬ್ಬಿಯಕ್ಕ ಎದ್ದು ಬಂದಳು. ಅವಳು ಬುಟ್ಟಿಗೆ ಕೈ ಹಚ್ಚಿದಳಷ್ಟೇ, ಭಾರವೆಲ್ಲ ನಾನೇ ಎತ್ತಿಕೊಂಡೆ. "ಆತು, ಹೋಗು" ಎಂದು ನಕ್ಕಳು. ಆಮೇಲೆ ನಾನು ಬರುವ ದಿನ ತಲೆ ಬಾಚಿಕೊಂಡು ಕಾಯುತ್ತಿದ್ದಳು.

ಪೇಟೆಯಲ್ಲಿ ಅಂಗಡಿ ಹಿಡಿದ ಮೇಲೆ ಆ ಬೀದಿಗೆ ಹೋಗಲಾಗಲಿಲ್ಲ. ಸುಬ್ಬಿಯಕ್ಕ ತೀರಿಕೊಂಡ ಮೇಲೆ ಸೊಸೆ ಬಂದು ಹೇಳಿದಳು: "ಈಗ ಅವಳ ಬುಟ್ಟಿ ಯಾರು ಎತ್ತಿಕೊಡ್ತಾರೆ ಅಂತ ಅತ್ತೆ ಕಡೇವರೆಗೂ ಕೇಳ್ತಾನೇ ಇದ್ರು."

ಈಗ ಅಂಗಡಿ ನನ್ನ ಹೆಸರಿನಲ್ಲೇ ಇದೆ. ಸುಬ್ಬಿಯಕ್ಕನಿಗಿದ್ದ ಒಂದೇ ಕೆಲಸ ತಪ್ಪಿಸಿ ಹಿಡಿದ ಅಂಗಡಿ ಅದು.