ಒಂದು ಬೊಗಸೆ ನೀರಿನ ಜಾಹೀರಾತು

ಹೋದ ಗುರುವಾರ ನಾನು ನೀರು ಕುಡಿದೆ.

ಇದೂ ಒಂದು ಸುದ್ದಿಯೇ ಎಂದು ಕೇಳಬೇಡಿ. ಬಳ್ಳಾರಿಯಲ್ಲಿ ಈ ವಾರ ಇದಕ್ಕಿಂತ ದೊಡ್ಡ ಸುದ್ದಿ ಇನ್ನೊಂದಿಲ್ಲ. ಕೋರ್ಟಿನ ವರಾಂಡದಲ್ಲಿ ಇದೇ ಮಾತು, ಹತ್ತಿ ಪೇಟೆಯಲ್ಲಿ ಇದೇ ಮಾತು. ನಮ್ಮ ಮನೆಯ ಅಡುಗೆಮನೆಯಲ್ಲಂತೂ ಬೇರೆ ಮಾತೇ ಇಲ್ಲ.

ಮೊದಲಿನಿಂದ ಹೇಳುತ್ತೇನೆ. ಊರಿನ ಕೆಲವು ಪ್ಲೀಡರುಗಳು, ಕಚೇರಿ ಗುಮಾಸ್ತರು, ನನ್ನಂಥ ಶಾಲೆಯ ಮೇಷ್ಟ್ರುಗಳು ಸೇರಿ ಒಂದು ಸೇವಾ ಕ್ಲಬ್ ಕಟ್ಟಿಕೊಂಡಿದ್ದೇವೆ. ಈ ಬೇಸಿಗೆಗೆ ಸಿರುಗುಪ್ಪದ ದಾರಿಯೂ ಕುರುಗೋಡಿನ ದಾರಿಯೂ ಕವಲಾಗುವ ಕಡೆ, ಬೇವಿನ ಮರದ ಕೆಳಗೆ, ಒಂದು ಅರವಟ್ಟಿಗೆ ಇಟ್ಟೆವು. ಭತ್ತ, ಹತ್ತಿ ಹೇರಿಕೊಂಡು ಬರುವ ಬಂಡಿಕಾರರಿಗೆ ಪುಕ್ಕಟೆ ನೀರು. ನಮ್ಮ ಬಿಸಿಲಿನ ವಿಷಯ ನಿಮಗೆ ನಾನು ಹೇಳುವುದೇನಿದೆ?

ನೀರು ಹಾಕಲು ಕುರುಗೋಡಿನ ತಿಮ್ಮಕ್ಕನನ್ನು ಇಟ್ಟುಕೊಂಡೆವು. ಕುಂಬಾರರ ಹೆಂಗಸು. ಗಂಡ ಹೋಗಿ ವರ್ಷಗಳಾಗಿವೆ, ಮಕ್ಕಳಿಲ್ಲ. ಇರಲಿಕ್ಕೆ ಅಲ್ಲೇ ಒಂದು ಗುಡಿಸಲು, ಹೊಟ್ಟೆಗೆ ಜೋಳ. ಜಾತಿ ನೋಡದೆ ನೇಮಿಸಿದ್ದೇವೆ ಎಂದು ರೆಸಲ್ಯೂಷನ್ ಬರೆದು, ನಮಗೆ ನಾವೇ ಚಪ್ಪಾಳೆ ತಟ್ಟಿಕೊಂಡೆವು.

ಆಮೇಲೆ ಶುರುವಾಯಿತು ಪ್ರಚಾರದ ಚಿಂತೆ. ಕೆಲಸ ಮಾಡಿದರೆ ಸಾಕೇ? ಊರಿಗೆ ಗೊತ್ತಾಗಬೇಡವೇ? ನಮ್ಮ ಸೆಕ್ರೆಟರಿ (ಪ್ಲೀಡರು, ದೊಡ್ಡ ಅಕ್ಷರಗಳ ಮೇಲೆ ಬಹಳ ಪ್ರೀತಿ) ಒಂದು ಬೋರ್ಡ್ ಬರೆಸಿ ಮರಕ್ಕೆ ತೂಗಿಹಾಕಿದರು. ಇಂಗ್ಲಿಷಿನಲ್ಲಿ. ಕಲೆಕ್ಟರ್ ದೊರೆ ಕುದುರೆ ಏರಿ ಆ ಕಡೆ ಬಂದರೆ ಓದಲಿ ಎಂದು! ಡಂಗುರ ಹೊಡೆಸಿದೆವು. ಅದನ್ನು ಹೊಡೆಸಿದ್ದು ಊರೊಳಗೆ, ಬಾಯಾರಿದವರು ಇದ್ದದ್ದು ಊರ ಹೊರಗೆ. ಹ್ಯಾಂಡ್‌ಬಿಲ್ ಅಚ್ಚು ಹಾಕಿಸಿ ಹಂಚಿದೆವು. ಮಂಡಕ್ಕಿ ಅಂಗಡಿಯವರಿಗೆ ಪೊಟ್ಟಣ ಕಟ್ಟಲು ಬಹಳ ಅನುಕೂಲವಾಯಿತು.

ನೀರು ಕುಡಿಯಲು ಮಾತ್ರ ಒಬ್ಬ ನರಪಿಳ್ಳೆಯೂ ಬರಲಿಲ್ಲ. ಜನರಿಗೆ ಬೇಡವಾದ ಸೇವೆ ನಮಗೇಕೆ, ಭಾನುವಾರದ ಮೀಟಿಂಗಿನಲ್ಲಿ ಅರವಟ್ಟಿಗೆ ಮುಚ್ಚಿಬಿಡೋಣ ಎಂದು ಸೆಕ್ರೆಟರಿ ಹೇಳಿದರು. ಯಾರೂ ಬೇಡವೆನ್ನಲಿಲ್ಲ.

ಗುರುವಾರ ನಾನು ಸಿರುಗುಪ್ಪದಿಂದ ಬರುತ್ತಿದ್ದೆ. ತಂಗಿಯ ಮಗುವಿನ ತೊಟ್ಟಿಲ ಶಾಸ್ತ್ರ ಮುಗಿಸಿ, ಬಾಡಿಗೆ ಬಂಡಿಯಲ್ಲಿ. ಬಂಡಿ ಹೊಡೆಯುವ ಹುಲುಗಪ್ಪ ಎತ್ತುಗಳನ್ನು ಕನ್ನಡದಲ್ಲಿ ಮುದ್ದು ಮಾಡುತ್ತ, ತೆಲುಗಿನಲ್ಲಿ ಬಯ್ಯುತ್ತ ಬಂದ. ಅರವಟ್ಟಿಗೆ ಹತ್ತಿರ ಬರುತ್ತಲೇ ಎತ್ತುಗಳು ತಾವಾಗಿಯೇ ನಿಂತವು. ದಿನವೂ ಉಳಿದ ನೀರನ್ನು ತಿಮ್ಮಕ್ಕ ಅಲ್ಲಿದ್ದ ಕಲ್ಲುಬಾನಿಗೆ ಸುರಿಯುತ್ತಾಳಂತೆ. ದಾರಿಯ ಎತ್ತುಗಳಿಗೆಲ್ಲ ಅದು ರೂಢಿಯಾಗಿಬಿಟ್ಟಿದೆ. ಆಗಲೇ ನಾಲ್ಕಾರು ಬಂಡಿ ನಿಂತಿದ್ದವು. ಎತ್ತುಗಳು ಕುಡಿಯುತ್ತಿದ್ದವು, ಮನುಷ್ಯರು ಒಣಗಿದ ತುಟಿ ಸವರಿಕೊಳ್ಳುತ್ತ ನೋಡುತ್ತಿದ್ದರು.

ನೀನೂ ಕುಡಿಯಬಾರದೇನಪ್ಪ ಎಂದು ಹುಲುಗಪ್ಪನನ್ನು ಕೇಳಿದೆ. ಅವನು ದನಿ ತಗ್ಗಿಸಿದ.

"ಬ್ಯಾಡ್ರಿ ಸ್ವಾಮಿ, ಇದು ಪಾದ್ರಿ ನೀರು. ಬೋರ್ಡ್ ನೋಡ್ರಿ, ಇಂಗ್ರೇಜಿ ಐತಿ. ಕುಡುದ್ರ ಕುಲ ಹೋಗತೈತಿ ಅಂತಾರ. ಎತ್ತಿಗಾದ್ರ ಏನ್ರಿ ಕುಲ?"

ನನಗೆ ನಗು ಬಂತು, ಹಿಂದೆಯೇ ನಾಚಿಕೆಯೂ ಬಂತು. ಮೇಷ್ಟ್ರಲ್ಲವೇ, ನಿಂತಲ್ಲೇ ಪಾಠ ಶುರುಮಾಡಿದೆ. ಇದು ಪಾದ್ರಿಯದಲ್ಲ, ನಮ್ಮ ಕ್ಲಬ್ಬಿನದು, ನಾವೆಲ್ಲ ನಿಮ್ಮವರೇ, ಸಿಹಿನೀರ ಬಾವಿಯಿಂದ ತಂದದ್ದು ಎಂದೆಲ್ಲ ಹೇಳಿದೆ. ನಾನು ಮಾತಾಡುತ್ತಿರುವಾಗಲೇ ಹುಲುಗಪ್ಪ ಬಂಡಿಯೊಳಗಿಂದ ನನ್ನ ಹಿತ್ತಾಳೆ ತಂಬಿಗೆಯನ್ನು ಭಯಭಕ್ತಿಯಿಂದ ಬಟ್ಟೆಯಲ್ಲಿ ಹಿಡಿದು ತಂದುಕೊಟ್ಟ. ತಂಗಿ ಮಡಿಯಲ್ಲಿ ತುಂಬಿಸಿ ಕಳಿಸಿದ ನೀರು. ಮಾತಿನ ಭರದಲ್ಲಿ ತೆಗೆದುಕೊಂಡೆ. ಅವನು ನನ್ನ ಪಾಠವನ್ನು ಪೂರ್ತಿ ಕೇಳಿ, ನನ್ನ ಕೈಯನ್ನು ನೋಡಿದ.

"ಹಂಗಾರ ನೀವ್ಯಾಕ ಇದನ್ನ ತಂದೀರಿ?"

ಅವನು ಕೇಳಿದ್ದು ಸರಿಯೇ. ಅರವಟ್ಟಿಗೆ ತೆರೆದ ದಿನ ಮೆಂಬರುಗಳೆಲ್ಲ ಭಾಷಣ ಮಾಡಿದ್ದೆವು, ಬೆವರು ಒರೆಸಿಕೊಂಡಿದ್ದೆವು, ಮನೆಯಿಂದ ತಂದ ತಂಬಿಗೆ ಬಗ್ಗಿಸಿ ಕುಡಿದಿದ್ದೆವು. ತಿಮ್ಮಕ್ಕನ ಮುಂದೆ ಒಬ್ಬರೂ ಬೊಗಸೆ ಒಡ್ಡಿರಲಿಲ್ಲ. (ರೆಸಲ್ಯೂಷನ್ ಬರೆದವನು ನಾನೇ. ಭಾಷೆ ಬಹಳ ಚೆನ್ನಾಗಿತ್ತು.)

ಅಷ್ಟರಲ್ಲಿ ತಿಮ್ಮಕ್ಕ ಸೆರಗು ಸರಿಮಾಡಿಕೊಂಡು ಹತ್ತಿರ ಬಂದಳು.

"ಐತಾರ ಮುಚ್ಚತಾರಂತಲ್ರಿ, ಖರೇ ಏನ್ರಿ? ನಾ ಎಲ್ಲಿಗಿ ಹೋಗ್ಲಿ?"

 ನನಗೆ ಸಿಟ್ಟು ಬಂತು, ಆ ಬೋರ್ಡಿನ ಮೇಲೆ, ಕ್ಲಬ್ಬಿನ ಮೇಲೆ, ಕೈಯಲ್ಲಿದ್ದ ತಂಬಿಗೆಯ ಮೇಲೆ. ತಂಬಿಗೆಯ ನೀರನ್ನು ಬಾನಿಗೆ ಸುರಿದು, ಶಲ್ಯ ಸೊಂಟಕ್ಕೆ ಸುತ್ತಿ, ಬಗ್ಗಿ ಬೊಗಸೆ ಒಡ್ಡಿದೆ. ಹಾಕವ್ವ ಎಂದೆ. ಅವಳು ಅಂಜುತ್ತಲೇ ಎತ್ತರದಿಂದ ಸುರಿದಳು. ಮೊದಲಿನ ನೀರೆಲ್ಲ ಮೊಣಕೈಯಿಂದ ಇಳಿದು ಹೋಯಿತು. ಆಮೇಲಿನದನ್ನು ಕುಡಿದೆ. ತಣ್ಣಗಿತ್ತು, ಹೊಸ ಮಡಕೆಯ ವಾಸನೆಯಿತ್ತು.

ಹಣೆಯಲ್ಲಿ ಅಂಗಾರ ಅಕ್ಷತೆ, ತೋಳಿನಲ್ಲಿ ಮುದ್ರೆ ಇಟ್ಟುಕೊಂಡ ಆಸಾಮಿ ಪಾದ್ರಿ ನೀರು ಕುಡಿದಾನೇ? ಬಂಡಿಕಾರರು ಮುಖ ಮುಖ ನೋಡಿಕೊಂಡರು. ಹುಲುಗಪ್ಪ ನನ್ನ ಪಕ್ಕದಲ್ಲೇ ಬಗ್ಗಿದ. ಅವನ ಹಿಂದೆ ಉಳಿದವರು ಬಂದರು.

ನನ್ನನ್ನು ಮನೆಗಿಳಿಸಿ ಹುಲುಗಪ್ಪ ಹತ್ತಿ ಪೇಟೆಗೆ ಹೋದ. ದೀಪ ಹಚ್ಚುವ ಹೊತ್ತಿಗೆ ಸುದ್ದಿ ಕಂಟೋನ್ಮೆಂಟ್ ದಾಟಿತ್ತು. ಅಮ್ಮ ನನ್ನನ್ನು ಸೀದಾ ಬಚ್ಚಲಿಗೆ ಕಳಿಸಿದಳು. ಜನಿವಾರ ಬದಲಾಯಿತು, ಪಂಚಗವ್ಯ ಹೊಟ್ಟೆಗೆ ಹೋಯಿತು. ಇವತ್ತಿಗೂ ನನ್ನ ಊಟದ ಎಲೆ ಪಡಸಾಲೆಯಲ್ಲಿಯೇ. ಆದರೆ ಶುಕ್ರವಾರ ಹಾಲಿನವಳು ಬಂದು ಅಮ್ಮನಿಗೇ ಎಲ್ಲ ಹೇಳಿದಳಂತೆ: ಅರವಟ್ಟಿಗೆ ಎಲ್ಲಿದೆ, ನೀರು ಹಾಕುವವಳು ಯಾರು, ನೀರು ಎಷ್ಟು ಸಿಹಿ, ಯಾವ ಮೇಷ್ಟ್ರು ಕುಲಗೆಟ್ಟರು. ಒಂದಕ್ಷರವೂ ತಪ್ಪಿಲ್ಲ! ಅಚ್ಚಿನ ಮನೆಯವನಿಗೆ ನಾವು ಸುಮ್ಮನೆ ದುಡ್ಡು ಕೊಟ್ಟೆವು. ಶನಿವಾರ ನಡುಹಗಲಿಗೇ ತಿಮ್ಮಕ್ಕನ ಮಡಕೆಗಳು ಬರಿದಾಗಿ, ಇನ್ನೊಂದು ಗುಡಾಣ ಕಳಿಸಿ ಎಂದು ಹೇಳಿ ಕಳಿಸಿದಳು.

ಭಾನುವಾರ ಮೀಟಿಂಗ್. ಮುಚ್ಚುವ ಮಾತು ಯಾರ ಬಾಯಲ್ಲೂ ಬರಲಿಲ್ಲ. ಹುಮ್ಮಸ್ಸಿನಲ್ಲಿ ನಾನೊಂದು ಸೂಚನೆ ಮಂಡಿಸಿದೆ: ಸಂತೆಯ ದಿನ ಒಬ್ಬೊಬ್ಬ ಮೆಂಬರು ರುಮಾಲು ಸುತ್ತಿಕೊಂಡು ಹೋಗಿ, ಎಲ್ಲರೂ ನೋಡುವ ಹಾಗೆ ಅಲ್ಲಿ ಬೊಗಸೆ ನೀರು ಕುಡಿದು ಬರಬೇಕು. ಖರ್ಚಿಲ್ಲದ ಪ್ರಚಾರ.

ಸಭೆಯಲ್ಲಿ ಕೆಮ್ಮು ಶುರುವಾಯಿತು. ಅಧ್ಯಕ್ಷರಿಗೆ ಡಾಕ್ಟರು ಕಾಯಿಸಿದ ನೀರನ್ನೇ ಕುಡಿಯಲು ಹೇಳಿದ್ದಾರಂತೆ. ಸೆಕ್ರೆಟರಿ, ಈ ಸಲ ಕನ್ನಡದಲ್ಲಿ ಬೋರ್ಡ್ ಬರೆಸೋಣ ಎಂದರು. ಮುಗಿದ ಮೇಲೆ ಹಿರಿಯ ಮೆಂಬರೊಬ್ಬರು ನನ್ನನ್ನು ಮೂಲೆಗೆ ಕರೆದರು. ಒಳ್ಳೆಯ ಮನುಷ್ಯರು, ನಿಜವಾಗಿಯೂ ಕಳವಳದಿಂದ ಹೇಳಿದರು. ನಮ್ಮವರ ಹಿರಿಯರು ಕೂಡುವವರಿದ್ದಾರಂತೆ, ನನ್ನನ್ನು ಪಂಕ್ತಿಯಿಂದ ಹೊರಗಿಡುವ ಮಾತು ನಡೆದಿದೆಯಂತೆ. ಕುಡಿದದ್ದು ತಂಬಿಗೆಯ ನೀರೇ ಎಂದುಬಿಡು, ಸಾಕ್ಷಿಗೆ ನಾವೆಲ್ಲ ಇದ್ದೇವೆ ಎಂದರು.

ಹೊರಗಿಡಲಿ ಬಿಡಿ ಎಂದೆ. ಅಷ್ಟು ದೊಡ್ಡ ಜಾಹೀರಾತು ಕೊಡಿಸಲು ನಮ್ಮ ಕ್ಲಬ್ಬಿನಲ್ಲಿ ದುಡ್ಡೆಲ್ಲಿದೆ?