ಗಾಲಿಯಿಲ್ಲದ ಗ್ಲೈಡರಿಗೆ ನಿಂಬೆಹಣ್ಣು

ಶಂಕ್ರೆಪ್ಪನಂಥ ಹಟಮಾರಿಯನ್ನು ಜಹೀರಾಬಾದಿನಲ್ಲಿ ನಾನು ಇನ್ನೊಬ್ಬನನ್ನು ಕಂಡಿಲ್ಲ. ಮರ ಕೊಯ್ಯುವ ಸಾಮಿಲ್ಲನ್ನು ಮಗ ಪ್ರವೀಣಕುಮಾರನ ಕೈಗೆ ಕೊಟ್ಟು ಆರಾಮ ಇರಬೇಕಾದ ವಯಸ್ಸಿನಲ್ಲಿ ಈ ಮನುಷ್ಯ ನಡುಕೋಣೆಯಲ್ಲಿ ರೆಕ್ಕೆ ಕಟ್ಟುತ್ತ ಕೂತ. ಕಾಲೇಜಿನ ಎನ್‌ಸಿಸಿಯಲ್ಲಿದ್ದಾಗ ಹೈದರಾಬಾದಿನಲ್ಲಿ ಒಮ್ಮೆ ಮರದ ಗ್ಲೈಡರಿನಲ್ಲಿ ಹಾರಿ ಬಂದಿದ್ದನಂತೆ. ಆ ಹುಚ್ಚು ಇನ್ನೂ ಇಳಿದಿಲ್ಲ.

ಪಕ್ಕದ ಮನೆಯವನಾದ ನನಗೆ ಅದರ ಪುರಾಣ ಕೇಳದೆ ಗತಿಯಿರಲಿಲ್ಲ. ತೊಂಬತ್ತು ವರ್ಷಗಳ ಹಿಂದೆ ಜರ್ಮನಿಯ ಗುಡ್ಡಗಳ ಮೇಲೆ ಗ್ಲೈಡರ್ ಪಂದ್ಯಗಳು ನಡೆಯುತ್ತಿದ್ದವು. ಎಂಜಿನ್ ಇಲ್ಲ, ಗಾಳಿಯೊಂದೇ ಆಧಾರ. ದೂರ ಹೋದವನಿಗೆ ಬಹುಮಾನ. ಅದಕ್ಕೇ ರೆಕ್ಕೆ ಉದ್ದ, ಸಪೂರ. ಮುಂದಿನ ಅಂಚಿಗೆ ಮಾತ್ರ ರೊಟ್ಟಿಗಿಂತ ತೆಳು ಪ್ಲೈವುಡ್, ಹಿಂದೆಲ್ಲ ಮರದ ಕಡ್ಡಿಗಳ ಮೇಲೆ ಬಿಗಿದ ಬಟ್ಟೆ. ಕೆಲವರು ರೆಕ್ಕೆಯನ್ನು ಬುಡದಲ್ಲಿ ಮೇಲೆತ್ತಿ ಕಡಲಹಕ್ಕಿಯ ರೆಕ್ಕೆಯ ಹಾಗೆ ಬಗ್ಗಿಸಿದರು. ಅದರಿಂದ ಹಾರಾಟಕ್ಕೆ ಎಷ್ಟು ಲಾಭವೋ ಅನುಮಾನ, ಕಟ್ಟುವವನಿಗೆ ಮಾತ್ರ ಪ್ರಾಣಸಂಕಟ. ಶಂಕ್ರೆಪ್ಪ ಆರಿಸಿಕೊಂಡದ್ದು ಅದನ್ನೇ! ಮೂಲದ ಮೂರನೇ ಒಂದರಷ್ಟು ಅಳತೆ, ಒಳಗೆ ಕೂರುವ ಆಳಿಲ್ಲ, ಬಾಲ ತಿರುಗಿಸಲು ರಿಮೋಟು.

ಅವನ ಹೆಂಡತಿ, ನಮ್ಮ ಜಗದೇವಿ ವೈನಿ, ತಾಳುವಷ್ಟು ತಾಳಿದರು. ಕೊನೆಗೆ ನನ್ನೆದುರೇ ಕರಾರು ಹಾಕಿದರು: "ಒಂದ ಸಲ ಹಾರಿಸ್ರಿ. ಮುರದಿತ್ತಂದ್ರ ಈ ನಡುವಿನ ಖೋಲಿ ನಂದು. ಮತ್ತೊಂದು ಮಾಡಾಕ ಬಿಡಂಗಿಲ್ಲ."

ಶಂಕ್ರೆಪ್ಪ ಹೂಂ ಎಂದ, ಆದರೆ ಮುಖ ಸಣ್ಣದಾಯಿತು. ಮುಂದಿನ ಗ್ಲೈಡರಿನ ನಕ್ಷೆ ಆಗಲೇ ತಲೆಯಲ್ಲಿತ್ತು, ಪಾಪ.

ಸಂಕ್ರಾಂತಿ ಮುಗಿದ ಮೇಲೆ ಕಂಗ್ಟಿಯಲ್ಲಿರುವ ಅವನ ಬೀಗರ ಹೊಲದ ದಿಬ್ಬಕ್ಕೆ ಗ್ಲೈಡರನ್ನು ಒಯ್ದೆವು. ಮೂಗಿಗೆ ರಬ್ಬರ್ ಹಗ್ಗ ಸಿಕ್ಕಿಸಿ ಎರಡೂ ಕಡೆಯಿಂದ ಜನ ಎಳೆದುಕೊಂಡು ಇಳಿಜಾರಿಗೆ ಓಡಬೇಕು. ಹಗ್ಗ ಬಿಗಿದಾಗ ಹಿಂದೆ ಬಾಲ ಹಿಡಿದವನು ಕೈಬಿಟ್ಟರೆ ಅದು ಚಿಮ್ಮಿ ಹಾರುತ್ತದೆ. ಹಳೆಯ ಪಂದ್ಯಗಳಲ್ಲೂ ಹೀಗೇ ಅಂತೆ. ವೈನಿ ವಿಭೂತಿ ಹಚ್ಚಿದರು, ಕಾಯಿ ಒಡೆದರು, ನಿಂಬೆಹಣ್ಣು ಹಿಡಿದು ಬಗ್ಗಿದರು.

"ಇದಕ ಗಾಲಿ ಎಲ್ಲವರಿ?"

"ಗಾಲಿ ಇಲ್ಲ. ಆಗಿನವಕ್ಕ ಬುಡಕ ಕಟಗಿ ಪಟ್ಟಿನೇ. ಅದರ ಮ್ಯಾಲ ಜಾರತದ."

"ಹೊಸಾ ಗಾಡಿ ನಿಂಬಿಹಣ್ಣ ತುಳೀದೆ ಹೊಂಡತದೇನು? ಪಟ್ಟಿ ಬುಡಕೇ ಇಡತೀನಿ."

ಶಂಕ್ರೆಪ್ಪ "ಬ್ಯಾಡ" ಎಂದು ಒಮ್ಮೆ ಅಂದ. ಎರಡನೇ ಸಲ ಅನ್ನುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇಲ್ಲ. ನಾವು ಎಳೆದು ಓಡಿದೆವು, ಬಾಲ ಹಿಡಿದಿದ್ದ ಪ್ರವೀಣ ಕೈಬಿಟ್ಟ. ಪಟ್ಟಿ ಹಣ್ಣಿನ ಮೇಲೆ ಹೊರಳಿತು, ಮೂಗು ಪಕ್ಕಕ್ಕೆ ತಿರುಗಿತು, ಎಡ ರೆಕ್ಕೆಯ ತುದಿ ಕಲ್ಲಿಗೆ ಬಡಿದು ಸೀಳಿತು.

ಶಂಕ್ರೆಪ್ಪ ಹೆಂಡತಿಯ ಮುಖ ನೋಡಲಿಲ್ಲ. ಸೀಳಿದ ಪ್ಲೈವುಡ್ ಸವರುತ್ತ, "ಆತು ಬಿಡು, ಖೋಲಿ ನಿಂದೇ," ಅಂದ.

"ಹೆಂಗ ಆತು?" ವೈನಿ ಸಿಡಿದರು. "ಮುರದಾಕಿ ನಾ. ನಾ ಮುರದದ್ದು ಲೆಕ್ಕಕ್ಕ ಬರಂಗಿಲ್ಲ. ಅಂಟ ಹಚ್ರಿ, ಟೇಪ್ ಸುತ್ರಿ, ಮತ್ತ ಎಳೀರಿ."

ಅಂಟು ಆರುವ ತನಕ ಸಜ್ಜೆ ರೊಟ್ಟಿ ತಿಂದೆವು. ಮತ್ತೆ ಎಳೆದೆವು. ಈ ಸಲ ಅದು ನಮ್ಮ ತಲೆಯ ಮೇಲಿಂದ ಸದ್ದಿಲ್ಲದೆ ಹೋಯಿತು. ದಿಬ್ಬದ ಗಾಳಿ ಸಿಕ್ಕು ಮೇಲೇರಿತು, ಜೋಳದ ಹೊಲ ದಾಟಿತು, ಬಾಗಿದ ರೆಕ್ಕೆಯ ಮೇಲೆ ಬಿಸಿಲು ಬಿತ್ತು. ನನ್ನ ಕಣ್ಣು ತುಂಬಿತು, ಹೇಳಲು ನಾಚಿಕೆಯೇನು. ಶಂಕ್ರೆಪ್ಪನ ರಿಮೋಟಿಗೆ ಬಾಗಿ ಒಂದು ಸುತ್ತು ಹಾಕಿ ಆಚೆಯ ಬೀಳು ಹೊಲದಲ್ಲಿ ಮೆತ್ತಗೆ ಇಳಿಯಿತು.

ನಾವು ಏದುಸಿರು ಬಿಡುತ್ತ ಹೋದಾಗ ವೈನಿ ಸೀರೆ ಎತ್ತಿ ಕಟ್ಟಿ ಆಗಲೇ ಅದರ ಪಕ್ಕ ನಿಂತಿದ್ದರು. ರೆಕ್ಕೆಯನ್ನು ಈ ತುದಿಯಿಂದ ಆ ತುದಿಗೆ ನೋಡಿದರು.

"ಮುಂದಿಂದು ನಾ ಕೂಡೂವಷ್ಟು ದೊಡ್ಡದು ಮಾಡ್ರಿ."

ಶಂಕ್ರೆಪ್ಪ ರೆಕ್ಕೆಯನ್ನು ಮೊಳ ಹಾಕಿ ಅಳೆದ. ಆಮೇಲೆ ಮೆಲ್ಲಗೆ, "ಅಷ್ಟು ದೊಡ್ಡದಕ ಖೋಲಿ ಸಾಲಂಗಿಲ್ಲಲ್ಲ," ಅಂದ.

"ಪಡಸಾಲಿ ಅದ ಅಲ್ಲೇನ್ರಿ?" ಅಂದರು ವೈನಿ.