ಕ್ಲಚ್ಚಿನ ಕಾಲು

ಮಸರಕಲ್‌ನ ಮೂಕಪ್ಪನನ್ನು ನೋಡಿ ಯಾರಾದರೂ ಕಾರಣವಿಲ್ಲದೆ ನಕ್ಕರೆ ಅವನ ಕೈ ತಾನಾಗಿ ಜೇಬಿನ ಮೇಲೆ ಹೋಗುತ್ತಿತ್ತು. ಬಂಕಿನಲ್ಲಿ ಅವನು ಸೀಟಿನ ಮೇಲೆ ಕೂತೇ ಡೀಸೆಲ್ ಹಾಕಿಸಿಕೊಂಡವನಲ್ಲ. ಇಳಿದು ಮೀಟರಿನ ಎದುರು ನಿಂತು, ಸೊನ್ನೆ ಕಣ್ಣಾರೆ ಕಂಡ ಮೇಲೆಯೇ ‘ಹಾಕು’ ಅನ್ನುವವನು. ಹೋಟೆಲಿನಲ್ಲಿ ಚಹಾ ಬಂದರೆ ಮೊದಲು ಗ್ಲಾಸನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. ಹರೆಯದಲ್ಲಿ ರಾಯಚೂರಿನ ಗಂಜ್ ಮಾರುಕಟ್ಟೆಯಲ್ಲಿ ಹತ್ತಿ ಚೀಲ ಹೊತ್ತು, ತೂಕದ ಕಲ್ಲುಗಳ ಪಕ್ಕದಲ್ಲೇ ನಿಂತು ಕಲಿತ ವಿದ್ಯೆ ಅದು. ಹಮಾಲಿ ಬಿಟ್ಟು ಲಾರಿ ಕ್ಲೀನರ್ ಆದ, ಡ್ರೈವರ್ ಆದ, ಕೊನೆಗೆ ಮಾನ್ವಿಯವರೊಬ್ಬರಿಂದ ಹಳೆಯ ಡೀಸೆಲ್ ಪಿಕಪ್ ತಂದು ತನ್ನದೇ ಗಾಡಿಯ ಮಾಲೀಕನೂ ಆದ. ಸಂಶಯ ಮಾತ್ರ ಅವನ ಜೊತೆಗೇ ಬಂತು. ಸಾಮಾನ್ಯ ದಿನಗಳಲ್ಲಿ ಗಟ್ಟಿ ಗಂಟಲಿನ ಮನುಷ್ಯ. ಸಂಶಯ ಹತ್ತಿದಾಗ ಮಾತ್ರ ಹೆಸರಿಗೆ ತಕ್ಕಂತೆ ಬಾಯಿ ಮುಚ್ಚಿ, ಸುಮ್ಮನೆ ನೋಡುತ್ತಿದ್ದ.

ಆ ಪಿಕಪ್ಪಿಗೆ ವಯಸ್ಸಾಗಿತ್ತು. ಹಿಂದಿನ ತಗಡು ತುಕ್ಕು ತಿಂದು, ಮೆಣಸಿನಕಾಯಿ ಹೇರಿದರೆ ದಾರಿಯುದ್ದಕ್ಕೂ ಉದುರಿಸಿಕೊಂಡು ಹೋಗುತ್ತಿತ್ತು. ಹೊಸದು ತರಬೇಕೆಂದು ಮನೆಯಲ್ಲಿ ಮಾತಾಯಿತು. ಮಗಳು ಶಶಿಕಲಾ ರಾಯಚೂರಿನಲ್ಲಿ ಶಿಕ್ಷಕಿ. “ಈಗ ಆಟೋಮೆಟಿಕ್ ಬಂದಾವ ಯಪ್ಪಾ. ಗೇರ್ ತಾನ ಬೀಳ್ತಾವಂತ. ಒಮ್ಮೆ ಬಂದು ನೋಡು” ಎಂದು ಫೋನಿನಲ್ಲಿ ಹೇಳಿದಳು.

ಆ ಮಾತು ಕೇಳಿ ಮೂಕಪ್ಪನಿಗೆ ಒಳಗೊಳಗೇ ಆಸೆಯಾಯಿತು. ಅದಕ್ಕೊಂದು ಗುಟ್ಟಿನ ಕಾರಣವಿತ್ತು. ಅವನ ಎಡ ಮೊಣಕಾಲು ಕೆಟ್ಟಿತ್ತು. ಕ್ಲಚ್ ಒತ್ತಿದಾಗಲೆಲ್ಲ ಒಳಗೆ ಮರಳು ಅರೆದ ಹಾಗೆ. ಗಾಡಿ ಹತ್ತುವಾಗ ಸುತ್ತಮುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಎರಡೂ ಕೈಯಿಂದ ಆ ಕಾಲನ್ನು ಎತ್ತಿ ಒಳಗಿಟ್ಟುಕೊಳ್ಳುತ್ತಿದ್ದ. ಕಾಲು ಹೋದ ಡ್ರೈವರನನ್ನು ಬಾಡಿಗೆಗೆ ಯಾರು ಕರೆಯುತ್ತಾರೆ? ಆಗದವರ ಕಿವಿಗೆ ಬಿದ್ದರೆ ಮರುದಿನವೇ ಮಾತು ಗಿಲ್ಲೆಸುಗೂರಿನವರೆಗೆ ಮುಟ್ಟುತ್ತದೆ ಎಂದು ಅವನ ಲೆಕ್ಕ. ಹೆಂಡತಿ ಗೋಪಮ್ಮನಿಗೂ ಹೇಳಿರಲಿಲ್ಲ.

ಮೂವರೂ ರಾಯಚೂರಿನ ಶೋರೂಮಿಗೆ ಹೋದರು. ಇಸ್ತ್ರಿ ಅಂಗಿಯ ಹುಡುಗನೊಬ್ಬ ನಗುತ್ತಾ ಬಂದ. ಮೂಕಪ್ಪ ಅವನ ನಗುವನ್ನು ಬದಿಗಿಟ್ಟು, ಆಟೋಮೆಟಿಕ್ ಗಾಡಿಯ ಬಾಗಿಲು ತೆಗೆದು ಬಗ್ಗಿ ಕೆಳಗೆ ನೋಡಿದ.

“ಮೂರನೇದು ಎಲ್ಲಿ ಅದ?”

“ಕ್ಲಚ್ ಇರಂಗಿಲ್ರಿ ಇದಕ್ಕ. ಎಕ್ಸಲೇಟರ್, ಬ್ರೇಕ್, ಎರಡ. ಬಲಗಾಲೊಂದ ಕೆಲ್ಸ ಮಾಡ್ತದ.”

“ಮತ್ತ ಎಡಗಾಲು?”

“ಆರಾಮ ಇಟ್ಕೊಂಡು ಕುಂದ್ರದು.”

ಹುಡುಗನನ್ನು ಪಕ್ಕಕ್ಕೆ ಕೂಡಿಸಿಕೊಂಡು ಲಿಂಗಸೂಗೂರು ರಸ್ತೆಯಲ್ಲಿ ಒಂದು ಸುತ್ತು ಹೊಡೆದ. ಗೇರು ತಾನೇ ಬದಲಾಗುವಾಗ ಯಾರೋ ಕಾಣದವರು ಪಕ್ಕದಲ್ಲಿ ಕೂತು ಕೈಯಾಡಿಸಿದ ಹಾಗಾಗುತ್ತಿತ್ತು. ಎಡಗಾಲು ಮಾತ್ರ ನೀಡಿಕೊಂಡು ಮಲಗಿತ್ತು. ವರ್ಷಗಳಿಂದ ಕಾಣದ ಸುಖ. ಆ ಸುಖವೇ ಅವನನ್ನು ಹೆದರಿಸಿತು. ಇಷ್ಟು ಆರಾಮವನ್ನು ಯಾರಾದರೂ ಸುಮ್ಮನೆ ಕೊಡುತ್ತಾರೆಯೇ?

“ಬ್ಯಾಟ್ರಿ ಸತ್ತು ಹೊಲದಾಗ ನಿಂತ್ರ ನೂಕಿ ಚಾಲೂ ಮಾಡಬೋದೇನು?”

“ಅದಾಗಂಗಿಲ್ರಿ” ಎಂದ ಹುಡುಗ. ನಗು ಸ್ವಲ್ಪ ಇಳಿದಿತ್ತು. ಕೊರತೆಯೊಂದು ಸಿಕ್ಕಿದ್ದರಿಂದ ಮೂಕಪ್ಪನಿಗೆ ಸಮಾಧಾನವಾಯಿತು. ಇದನ್ನೇ ತಗೊಳ್ಳೋಣ ಅನ್ನುವ ಮಾತು ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಶೋರೂಮಿನ ಬಾಗಿಲಲ್ಲೇ ನಿಂತಿದ್ದ ಗೋಪಮ್ಮ, “ಅದು ಬ್ಯಾಡ. ಗೇರಿಂದ ತಗಳೂನು” ಎಂದುಬಿಟ್ಟಳು.

ಮೂಕಪ್ಪ ಅವಳನ್ನು ನೋಡುತ್ತಾ ನಿಂತ. ಗಾಡಿಗೆ ಗಾಲಿ ಮೂರೋ ನಾಲ್ಕೋ ಎಂದು ಒಂದು ದಿನವೂ ಕೇಳದ ಹೆಂಗಸು. “ನಿಂಗೇನ್ ಗೊತ್ತು ಗೇರಿಂದು?”

“ಗೊತ್ತಿಲ್ಲೇಳು. ಆದ್ರ ಅದ ಚೊಲೊ” ಎಂದು ಅವಳು ಸೆರಗು ಸರಿಮಾಡಿಕೊಂಡು ಬೇರೆ ಕಡೆ ನೋಡಿದಳು. ಶಶಿಕಲಾ ಅವ್ವನ ಮುಖ ನೋಡಿ, ಕೂಡಲೇ ಮೊಬೈಲ್ ತೆಗೆದು ಅದರಲ್ಲಿ ಮುಖ ಹುದುಗಿಸಿದಳು. ಮೂಕಪ್ಪನ ಬಾಯಿ ಅಲ್ಲಿಗೆ ಮುಚ್ಚಿತು. ನೋಡಿ ಹೇಳುತ್ತೇವೆಂದು ಎದ್ದು ಬಂದರು.

ಆ ವಾರ ದೇವದುರ್ಗದ ಪೀರಾ ಸಾಬನ ಗ್ಯಾರೇಜಿಗೆ ಹೋದಾಗ ಸುಮ್ಮನೆ ವಿಷಯ ತೆಗೆದ. ಹಳೆಯ ಪಿಕಪ್ ಕೊಂಡ ದಿನದಿಂದ ಅದರ ಹೊಟ್ಟೆ ಬಿಚ್ಚಿ ಮುಚ್ಚುವವನು ಪೀರಾ ಸಾಬನೇ.

“ಗೇರಿಂದ ತಗೋ ಮೂಕಪ್ಪಣ್ಣ” ಎಂದ ಪೀರಾ ಸಾಬ್, ಕೈಯ ಗ್ರೀಸ್ ಒರೆಸಿಕೊಳ್ಳುತ್ತಾ. “ಎರಿ ಹೊಲದ ಕೆಸರಾಗ ಸಿಕ್ಕೊಂಡ್ರ ಹಿಂದ ಮುಂದ ಆಡ್ಸಿ ತೆಗೀಬೋದು. ಆಟೋಮೆಟಿಕ್ ಕೆಟ್ರ ನನ್ನ ಕೈಲಿ ಆಗಂಗಿಲ್ಲ, ರಾಯಚೂರಿಗೇ ಎಳಕೊಂಡು ಹೋಗಬೇಕು.”

ಮಾತೇನೋ ಸರಿಯೇ. ಆದರೆ ಗೋಪಮ್ಮನ ಬಾಯಲ್ಲಿ ಬಂದದ್ದೇ ಇವನ ಬಾಯಲ್ಲೂ ಬಂದದ್ದು ಹೇಗೆ? ಕ್ಲಚ್ ಪ್ಲೇಟಿನ ಕೆಲಸ ತಪ್ಪಿಹೋಗುತ್ತದೆಂದು ಇವನೇ ಅವಳ ತಲೆ ತುಂಬಿದ್ದಾನೋ?

ಹಾಗೆ ಯೋಚಿಸತೊಡಗಿದ ಮೇಲೆ ಒಂದೊಂದೇ ಕಣ್ಣಿಗೆ ಬೀಳತೊಡಗಿತು. ಸಂತೆಯ ದಿನ ಗಂಡ ಹೆಂಡತಿ ಜೊತೆಗೇ ದೇವದುರ್ಗಕ್ಕೆ ಬರುವುದು ರೂಢಿ. ಗಾಡಿಯನ್ನು ಗ್ಯಾರೇಜಿನಲ್ಲಿ ಬಿಟ್ಟು ಅವನು ಬಾಡಿಗೆ ಗೊತ್ತುಮಾಡಲು ಬಸ್‌ಸ್ಟ್ಯಾಂಡಿನ ಕಡೆ ಹೋದರೆ, ಅವಳು ಸಂತೆಗೆ. ತಿರುಗಿ ಬಂದು ಕೂತಾಗ ಸೀಟು ಒಂದು ಹಲ್ಲು ಮುಂದೆ ಸರಿದಿರುತ್ತಿತ್ತು. ಕನ್ನಡಿಯಲ್ಲಿ ಹಿಂದಿನ ರಸ್ತೆಯ ಬದಲು ತನ್ನ ಅಂಗಿಯ ಗುಂಡಿ ಕಾಣುತ್ತಿತ್ತು. ಪೀರಾ ಸಾಬ್ ತನ್ನ ಗಾಡಿಯನ್ನು ಯಾರಿಗೋ ಬಾಡಿಗೆಗೆ ಬಿಡುತ್ತಿದ್ದಾನೆ! ಮುಂದಿನ ಸಂತೆಗೆ ತಂಬಾಕಿನ ಜೊತೆಗಿದ್ದ ಸುಣ್ಣದ ಡಬ್ಬಿ ತೆಗೆದು, ಹಿಂದಿನ ಟೈರು ನೆಲಕ್ಕೆ ತಾಗುವ ಜಾಗದಲ್ಲಿ ಸಣ್ಣ ಗೆರೆ ಎಳೆದು ಹೋದ. ಬಂದು ನೋಡಿದರೆ ಗೆರೆ ಮೇಲಕ್ಕೆ ತಿರುಗಿ ಮಡ್‌ಗಾರ್ಡಿನ ಹತ್ತಿರ ಹೋಗಿತ್ತು.

“ಗಾಡಿ ಎಲ್ಲಿಗರ ಒಯ್ದಿದ್ದೇನು ಪೀರಾ?”

“ನಾ ಸ್ಟೇರಿಂಗ್ ಮುಟ್ಟಿಲ್ಲಣ್ಣ, ಖುದಾ ಕಸಂ” ಎಂದ ಅವನು. ಪೀರಾ ಸಾಬ್ ಸುಳ್ಳು ಆಣೆ ಮಾಡುವವನಲ್ಲ ಎನ್ನುವುದೂ ಮೂಕಪ್ಪನಿಗೆ ಗೊತ್ತಿತ್ತು. ಅದರಿಂದ ಗೊಂದಲ ಮತ್ತಷ್ಟು ಹೆಚ್ಚಿತು.

ಅದರ ಮುಂದಿನ ಸಂತೆಗೆ ಬಸ್‌ಸ್ಟ್ಯಾಂಡಿಗೆ ಹೋದವನಂತೆ ಮಾಡಿ ಹಿಂದಿನ ದಾರಿಯಿಂದ ತಿರುಗಿ ಬಂದ. ಗ್ಯಾರೇಜಿನ ಹಿಂದೆ ಜಾಲಿ ಬೆಳೆದ ಬಯಲು. ಜಾಲಿಯ ಮರೆಯಲ್ಲಿ ನಿಂತು ನೋಡಿದ. ಅವನ ಪಿಕಪ್ಪು ಕಪ್ಪೆಯ ಹಾಗೆ ಕುಪ್ಪಳಿಸುತ್ತಾ ಬರುತ್ತಿತ್ತು. ಪಕ್ಕದ ಸೀಟಿನಲ್ಲಿ ಪೀರಾ ಸಾಬನ ಹೆಂಡತಿ ರಜಿಯಾ ಬೇಗಂ ಬಾಗಿಲನ್ನು ಬಿಗಿಯಾಗಿ ಹಿಡಿದು ಕೂತಿದ್ದಳು. ಪೀರಾ ಸಾಬ್ ಕಿಟಕಿಗುಂಟ ಓಡುತ್ತಾ, “ಕ್ಲಚ್ ಮೆಲ್ಲಕ ಬಿಡ್ರಿ ಭಾಬಿ, ಮೆಲ್ಲಕ!” ಎಂದು ಕೂಗುತ್ತಿದ್ದ. ಸ್ಟೇರಿಂಗಿಗೆ ಎದೆ ಹಚ್ಚಿ, ನಾಲಿಗೆ ಕಚ್ಚಿಕೊಂಡು ಕೂತವಳು ಗೋಪಮ್ಮ.

ಗಾಡಿ ಕೆಮ್ಮಿ ನಿಂತಿತು. ಅವಳು ಮತ್ತೆ ಚಾಲೂ ಮಾಡಿದಳು. ಈ ಸಲ ಬಯಲಿನ ಆ ತುದಿಯವರೆಗೂ ನೆಟ್ಟಗೆ ಹೋಯಿತು.

ಮೂಕಪ್ಪ ಬೈಯಬಹುದಿತ್ತು, ನಗಬಹುದಿತ್ತು. ಎರಡೂ ಮಾಡಲಿಲ್ಲ, ಬಂದ ದಾರಿಯಲ್ಲೇ ಕುಂಟುತ್ತಾ ತಿರುಗಿ ಹೋದ. ಕಲಿಯುವುದೇ ಆಗಿದ್ದರೆ ನನ್ನನ್ನು ಯಾಕೆ ಕೇಳಲಿಲ್ಲ? ಯಾಕೆ ಮುಚ್ಚಿಟ್ಟಳು? ತಾಯಿ ಮಗಳು ಸೇರಿ ನನ್ನನ್ನು ಗಾಡಿಯಿಂದ ಇಳಿಸಿ ಮನೆಯಲ್ಲಿ ಕೂಡಿಸುವ ಲೆಕ್ಕ ಹಾಕಿದ್ದಾರೆ. ಅವಳಿಗೆ ಬರುವುದು ಗೇರಿನ ಗಾಡಿ, ಅದಕ್ಕೇ ಗೇರಿನದೇ ಬೇಕು. ಆ ಸಂಜೆ ಊಟಕ್ಕೆ ಕೂತಾಗ ಗೋಪಮ್ಮ ರೊಟ್ಟಿ ಬಡಿಸುತ್ತಾ, “ಯಾಕ, ಮಾತಿಲ್ಲ?” ಎಂದಳು. “ಏನಿಲ್ಲ ಬಿಡು” ಎಂದ. ಅವಳ ಅಂಗೈಯಲ್ಲಿ ಸ್ಟೇರಿಂಗ್ ಹಿಡಿದ ಕೆಂಪು ಗುರುತು ಕಾಣುತ್ತಿತ್ತು. ಸುಮಾರು ಎರಡು ವಾರ ಅವಳೊಂದಿಗೆ ನೆಟ್ಟಗೆ ಮಾತಾಡಲಿಲ್ಲ.

ಅಷ್ಟರಲ್ಲಿ ಬಾಬಾಸಾಹೇಬರ ಜಯಂತಿ ಬಂತು. ದೇವದುರ್ಗದ ಮೆರವಣಿಗೆಯಲ್ಲಿ ಭಾವಚಿತ್ರ ಹೊರುವುದು ಪ್ರತಿ ವರ್ಷ ಮೂಕಪ್ಪನ ಗಾಡಿಯೇ. ತುಕ್ಕಿನ ತಗಡಿಗೆ ನೀಲಿ ಬಟ್ಟೆ ಕಟ್ಟಿ, ಬಾಳೆಕಂಬ ನಿಲ್ಲಿಸಿ, ಹೂವಿನ ಹಾರದ ಭಾವಚಿತ್ರ ಇಟ್ಟು ಹೊರಟರು. ಮುಂದೆ ಹಲಗೆ ಬಾರಿಸುವವರು, ಹಿಂದೆ ಬಿಳಿ ಸೀರೆಯ ಹೆಂಗಸರು; ಅವರಲ್ಲಿ ಗೋಪಮ್ಮನೂ ರಾಯಚೂರಿನಿಂದ ಬಂದ ಶಶಿಕಲಾಳೂ ಇದ್ದರು. ನಡೆಯುವವರ ವೇಗದಲ್ಲೇ ಗಾಡಿ ಹೋಗಬೇಕು. ಮೊದಲನೇ ಗೇರು, ಅರ್ಧ ಕ್ಲಚ್ಚು. ಒತ್ತು, ಬಿಡು, ಒತ್ತು. ಹಲಗೆಯವರು ಕುಣಿಯಲು ನಿಂತರೆ ಒತ್ತಿಯೇ ಹಿಡಿಯಬೇಕು. ಏಪ್ರಿಲ್ಲಿನ ಬಿಸಿಲಿಗೆ ಕ್ಯಾಬಿನ್ನು ಒಲೆಯಾಗಿತ್ತು.

ಬಸ್‌ಸ್ಟ್ಯಾಂಡಿನ ಎದುರು ಅವನ ಮೊಣಕಾಲು ಒಳಗೆ ಕಟಕ್ಕನೆ ಸರಿಯಿತು. ಪಾದ ಜಾರಿತು. ಗಾಡಿ ಒಮ್ಮೆ ಮುಂದಕ್ಕೆ ಹಾರಿ ಹಲಗೆಯವರ ಬೆನ್ನ ಹತ್ತಿರ ಸತ್ತು ನಿಂತಿತು. ಮೇಲಿದ್ದವರು ಓಲಾಡಿದ ಭಾವಚಿತ್ರವನ್ನು ಹಿಡಿದುಕೊಂಡರು. ಎಲ್ಲರೂ ತಿರುಗಿ ನೋಡಿದರು.

“ಮೂಕಪ್ಪ ಕುಡ್ದಾನೇನಲೇ ಇವತ್ತಿನ ದಿನ?” ಎಂದು ಗುಂಪಿನಲ್ಲಿ ಯಾರೋ ಕೂಗಿದರು.

ಜೀವಮಾನದಲ್ಲಿ ತುಟಿಗೆ ಹಚ್ಚದವನು ಅವನು. ನೋವಿಗೆ ಎರಡೂ ಕೈಯಿಂದ ಮೊಣಕಾಲನ್ನು ಒತ್ತಿ ಹಿಡಿದ. ಬಾಗಿಲು ತೆರೆಯಿತು. ಗೋಪಮ್ಮ ಬಿಳಿ ಸೀರೆಯ ನೆರಿಗೆ ಮೇಲೆತ್ತಿ ಸಿಕ್ಕಿಸಿಕೊಳ್ಳುತ್ತಾ ನಿಂತಿದ್ದಳು.

“ಆ ಕಡಿ ಸರಿ.”

“ಇಷ್ಟು ಮಂದ್ಯಾಗ? ಹುಚ್ಚೇನು ನಿಂಗ?”

“ಸರಿ ಅಂದೆ. ಹಲಗಿಯವ್ರು ನಿಂತಾರ.”

ಅವನು ಕಾಲನ್ನು ಎರಡೂ ಕೈಯಿಂದ ಎತ್ತಿಕೊಂಡು ಸರಿದ. ಈ ಬಾರಿ ಸುತ್ತ ಯಾರಿದ್ದಾರೆಂದು ನೋಡಲಿಲ್ಲ. ಅವಳು ಹತ್ತಿ, ಸೀಟು ಒಂದು ಹಲ್ಲು ಮುಂದೆ ಎಳೆದುಕೊಂಡಳು. ಮೊದಲ ಸಲ ಗಾಡಿ ಕೆಮ್ಮಿತು. ಎರಡನೇ ಸಲ ಮೆಲ್ಲಗೆ ಹೊರಟಿತು. ಹೆಂಗಸರ ಸಾಲಿನಿಂದ ಒಂದು ಕೂಗು ಎದ್ದು, ಹಲಗೆಯ ಸದ್ದನ್ನೂ ಮೀರಿ ಬಸ್‌ಸ್ಟ್ಯಾಂಡ್ ತುಂಬಿತು. ಮೂಕಪ್ಪ ಅವಳ ಎಡಪಾದವನ್ನೇ ನೋಡುತ್ತಿದ್ದ. “ಕ್ಲಚ್ ಸುಡಾಕತ್ತಿ, ವಾಸನಿ ಬರಾಕತ್ತದ” ಎಂದ. “ಸುಮ್ನ ಕುಂದ್ರು” ಎಂದಳು ಅವಳು, ರಸ್ತೆಯಿಂದ ಕಣ್ಣು ತೆಗೆಯದೆ.

ಮೆರವಣಿಗೆ ಮುಗಿದ ಮೇಲೆ ಗ್ಯಾರೇಜಿನ ಬೆಂಚಿನಲ್ಲಿ ಅವನ ಕಾಲಿಗೆ ಮಂಜುಗಡ್ಡೆ ಕಟ್ಟಿದ ಬಟ್ಟೆ ಒತ್ತುತ್ತಾ ಅವಳು ಹೇಳಿದಳು: “ನೀ ಕಾಲು ಎತ್ತಿ ಇಡೂದು ಹೋದ ದೀಪಾವಳಿಯಿಂದ ನೋಡಾಕತ್ತೀನಿ. ಕೇಳಿದ್ರ ಇಲ್ಲಂತಿ. ಭಾರ ಹೇರ್ಕೊಂಡು ಎಲ್ಲರ ದಾರ್ಯಾಗ ನಿಂತುಬಿಟ್ರ ಗಾಡಿ ಯಾರು ತರಬೇಕು? ಅದಕ್ಕ ಕಲ್ತೆ.”

“ಮತ್ತ ಆಟೋಮೆಟಿಕ್ ಯಾಕ ಬ್ಯಾಡಂದಿ? ನನ್ನ ಇಳಿಸಾಕ ಹೌದಿಲ್ಲ?”

“ಹೌದು, ಇಳಿಸಾಕ! ಅದನ್ನ ತಂದ್ರ ನೀ ಈ ಕಾಲು ದವಾಖಾನಿಗೆ ತೋರಸ್ತಿದ್ದೇನು? ಆರಾಮ ನೀಡ್ಕೊಂಡು, ಅದು ಪೂರಾ ಕೊಳಿಯೋತನ ಮುಚ್ಚಿಡ್ತಿದ್ದಿ.”

ಅವಳು ಹೇಳಿದಂತೆಯೇ ಮಾಡುತ್ತಿದ್ದೆನೆಂದು ಮೂಕಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಆಚೆ ಪೀರಾ ಸಾಬ್ ಇಂಜಿನ್ನಿನೊಳಗೆ ತಲೆ ಹಾಕಿ ಏನೂ ಕೇಳದವನಂತೆ ನಟ್ಟು ತಿರುಗಿಸುತ್ತಿದ್ದ.

ರಾಯಚೂರಿನ ಡಾಕ್ಟರು ಮೊಣಕಾಲಿನ ಒಳಗಿನ ಗಾದಿ ಹರಿದಿದೆಯೆಂದು ಹೇಳಿ, ಸಣ್ಣ ಆಪರೇಷನ್ ಮಾಡಿ, ಮೂರು ತಿಂಗಳು ಗಾಡಿ ಮುಟ್ಟಬಾರದೆಂದರು. ಆಮೇಲೂ ಕ್ಲಚ್ಚಿನ ಗಾಡಿ ಬೇಡವೆಂದು ಕಟ್ಟುನಿಟ್ಟಾಗಿ ಹೇಳಿದರು. ಮಳೆ ಹಿಡಿಯುವ ಹೊತ್ತಿಗೆ ಆಟೋಮೆಟಿಕ್ಕೇ ಮನೆಗೆ ಬಂತು. ಲೈಸೆನ್ಸ್ ಕೈಗೆ ಬಂದಿದ್ದ ಗೋಪಮ್ಮನಿಗೆ ಅದು ಸುಲಭಕ್ಕೆ ಒಗ್ಗಲಿಲ್ಲ. ಕಷ್ಟಪಟ್ಟು ಕಲಿತ ಎಡಗಾಲು ಇಲ್ಲದ ಕ್ಲಚ್ಚನ್ನು ಹುಡುಕಿ ಹೋಗಿ ಬ್ರೇಕನ್ನೇ ಒತ್ತುತ್ತಿತ್ತು. ಹಿಂದೆ ಗೊಬ್ಬರದ ಚೀಲಗಳು ದಬದಬನೆ ಬಂದು ಕ್ಯಾಬಿನ್ನಿಗೆ ಬಡಿಯುತ್ತಿದ್ದವು. ಈಗ ದೇವದುರ್ಗದ ಕಡೆಯ ಬಾಡಿಗೆ ಅವಳದು, ಮಾನ್ವಿ ರಾಯಚೂರಿನದು ಅವನದು.

ಒಂದು ವಿಷಯ ಮಾತ್ರ ಮೂಕಪ್ಪನಿಗೆ ಇನ್ನೂ ಜೀರ್ಣವಾಗಿಲ್ಲ. ಮೊನ್ನೆ ಮಾನ್ವಿಯಲ್ಲಿ ಭತ್ತದ ಚೀಲ ಇಳಿಸುತ್ತಿದ್ದಾಗ ಶಶಿಕಲಾ ಫೋನ್ ಮಾಡಿದ್ದಳು.

“ನಿಮ್ಮವ್ವಗ ಲೈಸೆನ್ಸಿಗೆ ಓಡಾಡಿದಾಕಿ ಯಾರು?” ಎಂದು ಅವನು ಇದ್ದಕ್ಕಿದ್ದಂತೆ ಕೇಳಿದ.

“ನಾನ ಯಪ್ಪಾ.”

“ಹಂಗಾದ್ರ ಆಟೋಮೆಟಿಕ್ ನೋಡು ಅಂತ ನಂಗ ಹೇಳಿದಾಕಿ?”

“ಅದೂ ನಾನ” ಎಂದು ಅವಳು ನಕ್ಕಳು. “ನಿಂಗ ಆಟೋಮೆಟಿಕ್ ನೋಡು ಅಂದೆ, ಅವ್ವಗ ಗಾಡಿ ಕಲಿ ಅಂದೆ. ಒಬ್ಬರರ ಒಪ್ಕೊಳ್ಳಲಿ ಅಂತ ಇಬ್ರಿಗೂ ಹೇಳಿದ್ದೆ.”

ಮೂಕಪ್ಪ ಫೋನ್ ಜೇಬಿಗಿಟ್ಟುಕೊಂಡು, ಹಮಾಲರ ಕಡೆ ತಿರುಗಿ, ಚೀಲಗಳನ್ನು ಮತ್ತೆ ಮೊದಲಿಂದ ಎಣಿಸತೊಡಗಿದ.